ಅಕ್ಕ ಬುದ್ಧಿ, ತಂಗಿ ಭಾವನೆ: ಈ ಲೆಕ್ಕ ನಿಮಗೆ ಒಪ್ಪಿಗೆಯಾ?

ಲೈಬ್ರರಿ_ಕಾರ್ಡ್:

ಜೇನ್ ಆಸ್ಟಿನ್ ಬರೆದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಬಗ್ಗೆ ಎಲ್ಲಿ ಓದಿದರೂ ಅದೇ ಮಾತು. ಅಕ್ಕ ಎಲಿನರ್ ಅಂದರೆ ಬುದ್ಧಿ, ತಂಗಿ ಮೇರಿಯಾನ್ ಅಂದರೆ ಭಾವನೆ. ಅಕ್ಕ ಅಳೆದು ತೂಗಿ ನಡೆಯುತ್ತಾಳೆ. ತಂಗಿ ಮನಸ್ಸು ಹೋದ ಕಡೆ ಓಡಿ, ಪೆಟ್ಟು ತಿಂದು, ಕೊನೆಗೆ ಅಕ್ಕನ ದಾರಿಗೆ ಬರುತ್ತಾಳೆ. ಪರೀಕ್ಷೆಯ ಗೈಡುಗಳಲ್ಲಂತೂ ನಡುವೆ ಗೆರೆ ಎಳೆದು, ಈ ಕಡೆ ಅಕ್ಕನ ಗುಣ, ಆ ಕಡೆ ತಂಗಿಯ ಗುಣ ಅಂತ ಪಟ್ಟಿ ಮಾಡಿರುತ್ತಾರೆ.

ನನಗೆ ಇದು ಒಪ್ಪಿಗೆಯಿಲ್ಲ. ಪ್ರೀತಿಯಲ್ಲಿ ಇಬ್ಬರೂ ಒಂದೇ ತೂಕದವರು. ಒಬ್ಬಳು ತನ್ನ ನೋವನ್ನು ಮನೆಯವರೆಲ್ಲರ ಮೇಲೆ ಹೊರಿಸುತ್ತಾಳೆ, ಇನ್ನೊಬ್ಬಳು ಮನೆಯವರ ನೋವನ್ನೂ ತಾನೇ ಹೊರುತ್ತಾಳೆ, ಅಷ್ಟೇ.

22ನೇ ಅಧ್ಯಾಯ ನೋಡಿ. ಎಲಿನರ್ ಪ್ರೀತಿಸುವ ಎಡ್ವರ್ಡ್ ಫೆರಾರ್ಸ್ ಜೊತೆ ತನಗೆ ನಾಲ್ಕು ವರ್ಷದ ಹಿಂದೆಯೇ ಗುಟ್ಟಾಗಿ ನಿಶ್ಚಯವಾಗಿದೆ ಅಂತ ಲೂಸಿ ಸ್ಟೀಲ್ ಬಂದು ಎಲಿನರ್‌ಗೆ ಹೇಳುತ್ತಾಳೆ. ಯಾರಿಗೂ ಬಾಯಿ ಬಿಡಬಾರದು ಅಂತ ಮಾತು ಬೇರೆ ತೆಗೆದುಕೊಳ್ಳುತ್ತಾಳೆ. ಎಡ್ವರ್ಡ್ ಬೆರಳಿನ ಉಂಗುರದಲ್ಲಿ ಒಂದು ಕೂದಲ ಎಳೆ ಇತ್ತಲ್ಲ, ಅದು ತನ್ನದೇ ಅಂತ ಎಲಿನರ್ ನಂಬಿಕೊಂಡಿರುತ್ತಾಳೆ. ಅದೂ ಲೂಸಿಯದು! ಮುಂದೆ ನಾಲ್ಕು ತಿಂಗಳು ಎಲಿನರ್ ಅದನ್ನು ಒಬ್ಬಳೇ ನುಂಗಿಕೊಂಡಿರುತ್ತಾಳೆ. ಅದೇ ಹೊತ್ತಿನಲ್ಲಿ ಮೇರಿಯಾನ್ ತನ್ನನ್ನು ಬಿಟ್ಟುಹೋದ ಪ್ರಿಯಕರ ವಿಲ್ಲೋಬಿಗಾಗಿ ಊಟ ಬಿಟ್ಟು, ನಿದ್ದೆ ಬಿಟ್ಟು ಅಳುತ್ತಿರುತ್ತಾಳೆ. ಸಮಾಧಾನ ಮಾಡುವ ಕೆಲಸ ಯಾರದ್ದು? ಎಲಿನರ್‌ದೇ.

30ನೇ ಅಧ್ಯಾಯದ ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ಮನೆಯೊಡತಿ ಮಿಸೆಸ್ ಜೆನಿಂಗ್ಸ್ ಒಂದು ಲೋಟ ಹಳೆಯ ಕಾನ್‌ಸ್ಟಾಂಷಿಯಾ ವೈನ್ ತರುತ್ತಾಳೆ. ತೀರಿಹೋದ ಗಂಡನಿಗೆ ಸಂಧಿವಾತ ಕಾಡಿದಾಗ ಅದಕ್ಕಿಂತ ಒಳ್ಳೆಯ ಮದ್ದೇ ಇರಲಿಲ್ಲವಂತೆ, ಮೇರಿಯಾನ್‌ಗೂ ಕೊಡು ಅನ್ನುತ್ತಾಳೆ. ತಂಗಿ ಮಲಗಿದ್ದಾಳೆ. ಎಲಿನರ್ ಅದನ್ನು ತಾನೇ ಕುಡಿಯುತ್ತಾಳೆ. ಒಡೆದ ಮನಸ್ಸಿಗೆ ಈ ಮದ್ದು ಹಿಡಿಯುವುದಾದರೆ ತನ್ನ ಮೇಲೂ ಪ್ರಯೋಗ ಮಾಡಬಹುದಲ್ಲ ಅಂತ ಒಳಗೇ ಅಂದುಕೊಂಡು! ಇವಳನ್ನು ಬರೀ ಬುದ್ಧಿ ಅಂತ ಹೇಗೆ ಹೇಳುವುದು?

ನಿದ್ದೆಗೇಡಿ:

ಎಲಿನರ್ ಪರವಾಗಿ ವಾದ ಮಾಡುವುದು ಸುಲಭ ಮೇಡಂ. ಇಡೀ ಕಾದಂಬರಿ ಅವಳ ಕಣ್ಣಿಂದಲೇ ನಡೆಯುತ್ತದೆ. ಅವಳ ಮನಸ್ಸಿನೊಳಗೆ ನಮಗೆ ದಿನವೂ ಪ್ರವೇಶ ಇದೆ. ಮೇರಿಯಾನ್ ಮಾತ್ರ ಹೊರಗಿಂದ ಕಾಣುತ್ತಾಳೆ: ಅಳುತ್ತಾಳೆ, ಪಿಯಾನೋ ಬಾರಿಸುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ನಮ್ಮನ್ನು ಅವಳ ತಲೆಯೊಳಗೆ ಬಿಟ್ಟಿದ್ದರೆ ಈ ಚರ್ಚೆ ತಲೆಕೆಳಗಾಗುತ್ತಿತ್ತು.

‘ನೋವನ್ನು ಮನೆಯವರ ಮೇಲೆ ಹೊರಿಸುತ್ತಾಳೆ’ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಕಥೆ ಶುರುವಾದಾಗ ಅವಳಿಗೆ 16 ವರ್ಷ. ಅಪ್ಪ ಈಗಷ್ಟೇ ತೀರಿಕೊಂಡಿದ್ದಾನೆ. ಹುಟ್ಟಿ ಬೆಳೆದ ಮನೆ ಬಿಟ್ಟು ಸಸೆಕ್ಸ್‌ನಿಂದ ಡೆವನ್‌ಶೈರ್‌ಗೆ ಬಂದು ಯಾರದೋ ಕಾಟೇಜಿನಲ್ಲಿ ಇದ್ದಾರೆ. ಮಳೆಯಲ್ಲಿ ಗುಡ್ಡದ ಮೇಲೆ ಕಾಲು ಉಳುಕಿ ಬಿದ್ದಾಗ ಒಬ್ಬ ಚೆಲುವ, ಇದೇ ವಿಲ್ಲೋಬಿ, ಎತ್ತಿಕೊಂಡು ಬಂದು ಮನೆ ಸೇರಿಸುತ್ತಾನೆ. ಆಮೇಲೆ ದಿನಾ ಬರುತ್ತಾನೆ. ಅವಳ ಕೂದಲು ಕತ್ತರಿಸಿ ಇಟ್ಟುಕೊಳ್ಳುತ್ತಾನೆ. ಕುದುರೆ ಕೊಡುತ್ತೇನೆ ಅನ್ನುತ್ತಾನೆ. ಮುಂದೊಂದು ದಿನ ತನ್ನದಾಗುವ ಅಲೆನ್‌ಹ್ಯಾಮ್ ಮನೆಯನ್ನು ಕರೆದುಕೊಂಡು ಹೋಗಿ ತೋರಿಸುತ್ತಾನೆ. ಮದುವೆಯಾಗು ಅನ್ನುವ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಮಾಡಿದ್ದಾನೆ. ನಂಬಿದವಳದ್ದು ತಪ್ಪಾ?

ಇನ್ನೊಂದು. ಮೇರಿಯಾನ್ ಸುಳ್ಳು ಹೇಳುವುದಿಲ್ಲ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಅನ್ನಲು ಅವಳ ಬಾಯಿ ಬರುವುದಿಲ್ಲ. ಹಾಗಾಗಿ ಮರ್ಯಾದೆಗೆ ಬೇಕಾದ ಸುಳ್ಳುಗಳೆಲ್ಲ ಎಲಿನರ್ ಪಾಲಿಗೆ ಬರುತ್ತಿದ್ದವು ಅಂತ ಕಾದಂಬರಿಯೇ ಹೇಳುತ್ತದೆ. ಒಬ್ಬಳ ಪ್ರಾಮಾಣಿಕತೆಗೆ ‘ಹುಡುಗಾಟ’, ಇನ್ನೊಬ್ಬಳ ಸುಳ್ಳಿಗೆ ‘ವಿವೇಕ’. ಇದು ಯಾವ ನ್ಯಾಯ?

ಪಿಂಚಣಿದಾರ:

ಬುದ್ಧಿ, ಭಾವನೆ ಎರಡನ್ನೂ ಸ್ವಲ್ಪ ಬದಿಗಿಡಿ. ನಾನು ಬ್ಯಾಂಕಿನಲ್ಲಿ ದುಡಿದವನು, ಕಾದಂಬರಿಯನ್ನೂ ಲೆಡ್ಜರ್ ಹಾಗೇ ಓದುತ್ತೇನೆ. ಈ ಪುಸ್ತಕ ಅದಕ್ಕೆ ಬಹಳ ಒಗ್ಗುತ್ತದೆ. ಇಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಒಂದು ಮೊತ್ತ ಇದೆ.

ಎರಡನೇ ಅಧ್ಯಾಯ ಎಲ್ಲರೂ ಓದಲೇಬೇಕು. ಸಾಯುವ ಹೊತ್ತಿನಲ್ಲಿ ಅಪ್ಪ ಮಗ ಜಾನ್ ಡ್ಯಾಶ್‌ವುಡ್‌ನನ್ನು ಕರೆದು, ಮಲತಾಯಿ ಮತ್ತು ಮೂವರು ತಂಗಿಯರನ್ನು ನೋಡಿಕೋ ಅನ್ನುತ್ತಾನೆ. ಮಗ ಒಪ್ಪುತ್ತಾನೆ. ತಂಗಿಯರಿಗೆ ಒಟ್ಟು 3000 ಪೌಂಡ್ ಕೊಡುತ್ತೇನೆ ಅಂತ ಮನಸ್ಸಿನಲ್ಲೇ ತೀರ್ಮಾನಿಸುತ್ತಾನೆ. ಆಮೇಲೆ ಹೆಂಡತಿ ಫ್ಯಾನಿ ಮಾತು ಶುರುಮಾಡುತ್ತಾಳೆ. ನಮ್ಮ ಮಗುವಿನ ಬಾಯಿಂದ ಕಿತ್ತು ಕೊಡುತ್ತೀರಾ? 3000 ಅರ್ಧವಾಗುತ್ತದೆ. ಅದೂ ಬೇಡ, ತಾಯಿಗೆ ವರ್ಷಕ್ಕೆ 100 ಪೌಂಡ್ ವರ್ಷಾಸನ ಕೊಡೋಣ. ಅಯ್ಯೋ, ವರ್ಷಾಸನ ಅಂದರೆ ಜನ ಸಾಯುವುದೇ ಇಲ್ಲ! ಸರಿ, ಆಗಾಗ 50 ಪೌಂಡ್. ಅದೂ ಯಾಕೆ? ಮನೆ ಸಾಗಿಸುವಾಗ ಒಂದು ಕೈ ಹಚ್ಚಿ, ಬೇಟೆಯ ಕಾಲದಲ್ಲಿ ಮೀನು, ಮಾಂಸ ಕಳಿಸಿದರೆ ಸಾಕು. ಒಂದೇ ಮಾತುಕತೆಯಲ್ಲಿ 3000 ಪೌಂಡ್ ಸೊನ್ನೆಗೆ ಬಂದು ನಿಲ್ಲುತ್ತದೆ. ಕೊನೆಯಲ್ಲಿ ಫ್ಯಾನಿಗೆ ಇನ್ನೊಂದು ಸಂಕಟ: ಅತ್ತೆ ಒಳ್ಳೊಳ್ಳೆ ಪಿಂಗಾಣಿ ತಟ್ಟೆಗಳನ್ನೆಲ್ಲ ತೆಗೆದುಕೊಂಡು ಹೋಗುತ್ತಿದ್ದಾಳಲ್ಲ!

ಹೀಗಾಗಿ ನಾಲ್ವರು ಹೆಂಗಸರ ಕೈಯಲ್ಲಿ ಉಳಿದದ್ದು 10,000 ಪೌಂಡ್ ಅಸಲು. ಅದರಿಂದ ವರ್ಷಕ್ಕೆ 500 ಪೌಂಡ್ ವರಮಾನ. ಇದು ಹಸಿವಿನ ಬಡತನ ಅಲ್ಲ. ಆದರೆ ಆ ವರ್ಗದ ಹುಡುಗಿಯರಿಗೆ ವರ ಹುಡುಕುವಾಗ ಬಹಳ ಸಣ್ಣ ಮೊತ್ತ.

ಈಗ 17ನೇ ಅಧ್ಯಾಯ. ಸುಖಕ್ಕೆ ಹಣ ಬೇಕಾ ಅಂತ ಅಕ್ಕತಂಗಿಯರ ನಡುವೆ ವಾದ. ಹಣಕ್ಕೂ ಸುಖಕ್ಕೂ ಏನು ಸಂಬಂಧ ಅಂತ ಕೇಳುವವಳು ಮೇರಿಯಾನ್. ಹಾಗಾದರೆ ‘ಸಾಕು’ ಅನ್ನುವಷ್ಟು ಎಷ್ಟು? ವರ್ಷಕ್ಕೆ 1800 ಅಥವಾ 2000, ಅದಕ್ಕಿಂತ ಜಾಸ್ತಿ ಬೇಡ ಅನ್ನುತ್ತಾಳೆ. ಎಲಿನರ್ ನಗುತ್ತಾಳೆ. ಅವಳ ಪ್ರಕಾರ 1000 ಇದ್ದರೆ ಅದೇ ಸಿರಿವಂತಿಕೆ. ಭಾವನೆಯ ಹುಡುಗಿಗೆ ಬುದ್ಧಿಯ ಹುಡುಗಿಗಿಂತ ಎರಡರಷ್ಟು ಬೇಕು! ಬೇಟೆ ಕುದುರೆ, ಗಾಡಿ, ಆಳುಕಾಳು ಎಲ್ಲ ಸೇರಿಸಿ ಲೆಕ್ಕ ಹಾಕಿಟ್ಟಿದ್ದಾಳೆ.

ಕೊನೆಗೆ ಮೇರಿಯಾನ್ ಮದುವೆಯಾಗುವ ಕರ್ನಲ್ ಬ್ರಾಂಡನ್ ವರಮಾನ ಎಷ್ಟು ಗೊತ್ತಾ? ಸರಿಯಾಗಿ 2000. ಲೇಖಕಿ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಅಂಕಿ ಇಟ್ಟು ಹೋಗುತ್ತಾಳೆ.

ಶಾಲ್ಮಲೆ:

ಪಿಂಚಣಿದಾರ ಸರ್, ಫ್ಯಾನಿ ಮಾತು ಓದುವಾಗ ನನಗೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಅವಳು ಒಂದು ಸಲವೂ ‘ಕೊಡಬೇಡಿ’ ಅನ್ನುವುದಿಲ್ಲ ನೋಡಿ. ಪಾಲಿನ ಪಂಚಾಯ್ತಿ ಕಂಡವರಿಗೆ ಈ ಜಾಣತನ ಹೊಸದಲ್ಲ.

ಚಾಕ್‌ಪೀಸ್:

ನಾನು ಈ ಪುಸ್ತಕ ಪಾಠ ಮಾಡಿದ್ದೇನೆ. ಕಾಲದ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಎಡ್ವರ್ಡ್ ಬರೀ ಪೆದ್ದನ ಹಾಗೆ ಕಾಣುತ್ತಾನೆ.

ಕಾದಂಬರಿ ಬಂದದ್ದು 1811ರಲ್ಲಿ, ಮೂರು ಸಂಪುಟಗಳಲ್ಲಿ. ಲೇಖಕಿಯ ಹೆಸರಿರಲಿಲ್ಲ, ‘ಒಬ್ಬ ಮಹಿಳೆಯಿಂದ’ ಅಂತ ಮಾತ್ರ ಇತ್ತು. ಪ್ರಕಾಶಕ ಥಾಮಸ್ ಎಗರ್ಟನ್. ನಷ್ಟವಾದರೆ ಲೇಖಕಿಯೇ ಭರಿಸಬೇಕು ಅನ್ನುವ ಕರಾರು. ಪ್ರತಿಗಳೆಲ್ಲ ಖರ್ಚಾಗಿ ಅವರಿಗೆ 140 ಪೌಂಡ್ ಲಾಭವಾಯಿತು. ಅವರ ತಂದೆ 1805ರಲ್ಲಿ ತೀರಿಕೊಂಡಿದ್ದರು. ಆಮೇಲೆ 1809ರಲ್ಲಿ ಅಣ್ಣ ಚಾಟನ್ ಊರಿನಲ್ಲಿ ಮನೆ ಕೊಡುವವರೆಗೆ ತಾಯಿ, ಅಕ್ಕ, ಇವರು ಅಲ್ಲಿ ಇಲ್ಲಿ ಅಂತ ಇದ್ದರು. ಎರಡನೇ ಅಧ್ಯಾಯದ ಕಹಿ ಎಲ್ಲಿಂದ ಬಂತು ಅನ್ನುವುದಕ್ಕೆ ಇದನ್ನು ನೆನಪಿಟ್ಟರೆ ಸಾಕು.

ಇನ್ನು ನಿಶ್ಚಿತಾರ್ಥದ ವಿಷಯ. ಆಗಿನ ಇಂಗ್ಲೆಂಡಿನಲ್ಲಿ ಹೆಣ್ಣು ಬೇಕಾದರೆ ನಿಶ್ಚಯ ಮುರಿಯಬಹುದಿತ್ತು. ಗಂಡು ಮುರಿದರೆ ಮರ್ಯಾದೆ ಹೋಗುತ್ತಿತ್ತು, ಕೋರ್ಟಿಗೆ ಎಳೆಯುವ ಅವಕಾಶವೂ ಇತ್ತು. ಎಡ್ವರ್ಡ್‌ಗೆ ಲೂಸಿ ಮೇಲೆ ಪ್ರೀತಿ ಯಾವತ್ತೋ ಆರಿಹೋಗಿದೆ. ಆದರೂ ಅವಳಾಗಿ ಬಿಡುವವರೆಗೆ ಇವನು ಬಿಡುವ ಹಾಗಿಲ್ಲ. ತಾಯಿ ಆಸ್ತಿ ತಪ್ಪಿಸುತ್ತೇನೆ ಅಂದಾಗಲೂ ಬಿಡುವುದಿಲ್ಲ.

ಪತ್ರದ ನಿಯಮವೂ ಹಾಗೇ. ಮದುವೆ ಗೊತ್ತಾಗದ ಹುಡುಗ ಹುಡುಗಿ ಪತ್ರ ಬರೆದುಕೊಳ್ಳುವ ಹಾಗಿರಲಿಲ್ಲ. ಲಂಡನ್ನಿಗೆ ಬಂದ ದಿನವೇ ಮೇರಿಯಾನ್ ವಿಲ್ಲೋಬಿಗೆ ಕಾಗದ ಬರೆದದ್ದನ್ನು ನೋಡಿ, ಇವರಿಗೆ ನಿಶ್ಚಯ ಆಗಿರಲೇಬೇಕು ಅಂತ ಎಲಿನರ್ ಅಂದುಕೊಳ್ಳುವುದು ಅದಕ್ಕೇ. ಆಗಿರಲಿಲ್ಲ. ಅವನು ಯಾವ ಮಾತೂ ಕೊಟ್ಟಿರಲಿಲ್ಲ.

ಮಳೆಗಾಲ:

ನಿಯಮ ಎಲ್ಲ ಸರಿ ಸರ್. ಆದರೆ ಎಡ್ವರ್ಡ್ ಬಗ್ಗೆ ನನ್ನ ತಕರಾರು ಬೇರೆ. ಅವನಲ್ಲಿ ಏನಿದೆ ಅಂತ ಎಲಿನರ್ ಪ್ರೀತಿಸಿದಳು? ಮಾತು ಬರುವುದಿಲ್ಲ, ಚಿತ್ರ ನೋಡಲು ಬರುವುದಿಲ್ಲ, ಕವಿತೆ ಓದಿದರೆ ಜೀವ ಇರುವುದಿಲ್ಲ. ನಿಶ್ಚಯವಾಗಿದ್ದೂ ಅಕ್ಕತಂಗಿಯರ ಹಳೆಯ ಮನೆ ನಾರ್‌ಲ್ಯಾಂಡಿನಲ್ಲಿ ಬಂದು ಕುಳಿತು ಇನ್ನೊಂದು ಹುಡುಗಿಯ ಮನಸ್ಸು ಕೆಡಿಸಿದ. ಅದೇ ಕೆಲಸ ವಿಲ್ಲೋಬಿ ಮಾಡಿದರೆ ದುಷ್ಟ, ಎಡ್ವರ್ಡ್ ಮಾಡಿದರೆ ಸಂಕೋಚದ ಹುಡುಗ!

ಲೈಬ್ರರಿ_ಕಾರ್ಡ್:

ಎಡ್ವರ್ಡ್ ಸ್ವಲ್ಪ ಸಪ್ಪೆ, ನಿಜ. ಆದರೆ ಅವನು ತನ್ನ ಕಥೆ ಹೇಳುವ ರೀತಿ ನೋಡಿ. ಓದು ಮುಗಿಸಿ ಮೇಷ್ಟರ ಮನೆ ಬಿಟ್ಟಾಗ ಅವನಿಗೆ 18. ತಾಯಿ ಯಾವ ಉದ್ಯೋಗಕ್ಕೂ ಹಾಕಲಿಲ್ಲ. ಮನೆಯಲ್ಲಿ ಪ್ರೀತಿಯೂ ಇಲ್ಲ. ಮಾಡಲು ಕೆಲಸವಿಲ್ಲದೆ ಮತ್ತೆ ಮತ್ತೆ ಪ್ಲಿಮತ್ ಹತ್ತಿರದ ಆ ಮೇಷ್ಟರ ಮನೆಗೇ ಹೋದ. ಅಲ್ಲಿ ಮೇಷ್ಟರ ಸಂಬಂಧಿ ಹುಡುಗಿ ಲೂಸಿ ಇದ್ದಳು. ಕೆಲಸವಿಲ್ಲದ ಹುಡುಗನ ಪ್ರೀತಿ ಅದು ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಮಾತು ಕೊಟ್ಟ ಮೇಲೆ ಮನೆ, ಆಸ್ತಿ, ಪ್ರೀತಿ ಮೂರೂ ಕಳೆದುಕೊಂಡು ನಿಲ್ಲುತ್ತಾನೆ. ವಿಲ್ಲೋಬಿ ಹಣ ಬರುವ ಕಡೆ ಹೋದ. ಇಬ್ಬರೂ ಒಂದೇ ಅಲ್ಲ.

ಎಲಿನರ್, ಎಡ್ವರ್ಡ್ ಇಬ್ಬರ ಕೊನೆಯ ದೃಶ್ಯ ಹೇಗಿದೆ ನೋಡಿ. ಲೂಸಿ ಮದುವೆಯಾದದ್ದು ತನ್ನನ್ನಲ್ಲ, ತಮ್ಮ ರಾಬರ್ಟ್‌ನನ್ನು ಅಂತ ಎಡ್ವರ್ಡ್ ಹೇಳಬೇಕು. ಹೇಳುವಾಗ ಕೈಗೆ ಸಿಕ್ಕ ಕತ್ತರಿ ತೆಗೆದುಕೊಂಡು ಅದರ ಒರೆಯನ್ನೇ ಚೂರು ಚೂರು ಮಾಡಿಹಾಕುತ್ತಾನೆ. ಕೇಳಿದ ಎಲಿನರ್ ಕೋಣೆಯಿಂದ ಓಡಿಹೋಗಿ, ಬಾಗಿಲು ಹಾಕಿಕೊಂಡ ಕೂಡಲೇ ಅಳಲು ಶುರುಮಾಡುತ್ತಾಳೆ. ಈ ಅಳು ನಿಲ್ಲುವುದೇ ಇಲ್ಲವೇನೋ ಅಂತ ಅವಳಿಗೇ ಅನ್ನಿಸುತ್ತದೆ. ಇಡೀ ಪುಸ್ತಕದಲ್ಲಿ ಮೇರಿಯಾನ್ ಅತ್ತದ್ದಕ್ಕಿಂತ ಈ ಒಂದು ಅಳು ನನಗೆ ಭಾರ.

ಮಳೆಗಾಲ:

ಕತ್ತರಿ ಚೆನ್ನಾಗಿದೆ, ಒಪ್ಪಿದೆ. ಮದುವೆಯಾಗು ಅಂತ ಅವನು ಕೇಳಿದ್ದನ್ನು ಆಸ್ಟಿನ್ ತೋರಿಸುವುದೇ ಇಲ್ಲವಲ್ಲ? ಹೇಗೆ ಕೇಳಿದ, ಅವಳು ಏನಂದಳು ಅಂತ ಹೇಳುವ ಅಗತ್ಯವಿಲ್ಲ, ನಾಲ್ಕು ಗಂಟೆಗೆ ಊಟಕ್ಕೆ ಕೂರುವಷ್ಟರಲ್ಲಿ ಎಲ್ಲ ಆಗಿತ್ತು ಅಂತ ಮುಗಿಸುತ್ತಾಳೆ. 48 ಅಧ್ಯಾಯ ಕಾದ ಓದುಗರಿಗೆ ಇದಾ ಸಿಗುವುದು?

ಶಾಲ್ಮಲೆ:

ಲೂಸಿ ಹೆಸರು ಬಂತಲ್ಲ, ನಾನು ಕಾಯುತ್ತಿದ್ದೆ. ಈ ಕಾದಂಬರಿಯಲ್ಲಿ ನಿಜವಾದ ಜೋಡಿ ವೈರುಧ್ಯ ಅಕ್ಕತಂಗಿಯರದ್ದಲ್ಲ. ಈ ಇಬ್ಬರು ಒಂದು ಕಡೆ, ಲೂಸಿ ಇನ್ನೊಂದು ಕಡೆ.

ಬರೀ ಬುದ್ಧಿ, ಹೃದಯವೇ ಇಲ್ಲ ಅಂದರೆ ಹೇಗಿರುತ್ತದೆ? ಲೂಸಿ ಹಾಗಿರುತ್ತಾಳೆ. ಅವಳು ಸಿಟ್ಟಾಗುವುದಿಲ್ಲ, ಅಳುವುದಿಲ್ಲ. ಯಾರ ಮಕ್ಕಳು ಎಷ್ಟು ಚೇಷ್ಟೆ ಮಾಡಿದರೂ ಹೊಗಳುತ್ತಾಳೆ. ಎದುರಾಳಿ ಯಾರು ಅಂತ ಗುರುತಿಸಿ, ಅವಳ ಹತ್ತಿರವೇ ಹೋಗಿ ಗುಟ್ಟು ಹೇಳಿ ಬಾಯಿ ಕಟ್ಟುತ್ತಾಳೆ. ಎಡ್ವರ್ಡ್‌ನ ಆಸ್ತಿ ಹೋದಾಗ ತಕ್ಷಣ ಬಿಡುವುದಿಲ್ಲ, ಇನ್ನೊಂದು ಕೊಂಬೆ ಕೈಗೆ ಸಿಗುವವರೆಗೆ ಹಿಡಿದಿರುತ್ತಾಳೆ. ಆಸ್ತಿ ತಮ್ಮನಿಗೆ ಹೋಗಿದೆ, ಹಾಗಾದರೆ ತಮ್ಮನೇ ಸರಿ! ಮದುವೆಗೆ ಓಡಿಹೋಗುವಾಗ ಸ್ವಂತ ಅಕ್ಕ ನ್ಯಾನ್ಸಿಯ ಹತ್ತಿರ ಇದ್ದಬದ್ದ ಹಣವನ್ನೂ ಸಾಲ ಅಂತ ತೆಗೆದುಕೊಂಡು ಹೋಗುತ್ತಾಳೆ. ಕೊನೆಗೆ ಆ ಅತ್ತೆಗೇ ಅಚ್ಚುಮೆಚ್ಚಿನ ಸೊಸೆಯಾಗುತ್ತಾಳೆ. ಒಂದು ಶಿಕ್ಷೆಯೂ ಇಲ್ಲ. ಸ್ವಾರ್ಥದ ಮೇಲೆ ಒಂದೇ ಗಮನ ಇಟ್ಟರೆ ಎಷ್ಟು ಮೇಲೆ ಹೋಗಬಹುದು ಅನ್ನುವುದಕ್ಕೆ ಇವಳು ಮಾದರಿ ಅಂತ ಲೇಖಕಿ ನಗುತ್ತಾ ಹೇಳುತ್ತಾಳೆ.

ಲೂಸಿಯನ್ನು ನೋಡಿದ ಮೇಲೆ ಎಲಿನರ್‌ಳನ್ನು ‘ಲೆಕ್ಕಾಚಾರದ ಹುಡುಗಿ’ ಅನ್ನಲು ಮನಸ್ಸೇ ಬರುವುದಿಲ್ಲ. ಎಡ್ವರ್ಡ್‌ಗೆ ಪಾದ್ರಿ ಕೆಲಸ ಕೊಡುತ್ತೇನೆ, ನೀವೇ ಹೋಗಿ ತಿಳಿಸಿ ಅಂತ ಬ್ರಾಂಡನ್ ಹೇಳಿದಾಗ ಅವಳು ಹೋಗಿ ತಿಳಿಸುತ್ತಾಳೆ. ಆ ಕೆಲಸ ಸಿಕ್ಕರೆ ಎಡ್ವರ್ಡ್ ಲೂಸಿಯನ್ನು ಮದುವೆಯಾಗಲು ದಾರಿಯಾಗುತ್ತದೆ ಅಂತ ಗೊತ್ತಿದ್ದೂ. ಲೆಕ್ಕ ಗೊತ್ತಿದ್ದವಳು ಹೀಗೆ ಮಾಡುತ್ತಾಳಾ?

ನಿದ್ದೆಗೇಡಿ:

ಶಾಲ್ಮಲೆ ಅವರೇ, ಚಪ್ಪಾಳೆ. ಇದನ್ನೇ ಮುಂದಕ್ಕೆ ಎಳೆಯುತ್ತೇನೆ. ಎಲಿನರ್ ಪಕ್ಕದಲ್ಲಿ ಲೂಸಿ ಇದ್ದ ಹಾಗೆ ಮೇರಿಯಾನ್ ಪಕ್ಕದಲ್ಲಿ ವಿಲ್ಲೋಬಿ ಇದ್ದಾನೆ. ಕವಿತೆ, ಸಂಗೀತ, ಕಣ್ಣೀರು ಎಲ್ಲ ಇದೆ, ಇನ್ನೊಬ್ಬರ ಬಗ್ಗೆ ಯೋಚನೆ ಮಾತ್ರ ಇಲ್ಲ.

44ನೇ ಅಧ್ಯಾಯದಲ್ಲಿ ಮೇರಿಯಾನ್ ಜ್ವರದಿಂದ ಸಾಯುವ ಸ್ಥಿತಿ ಅಂತ ಕೇಳಿ ಬೆಳಿಗ್ಗೆ ಎಂಟಕ್ಕೆ ಲಂಡನ್ ಬಿಟ್ಟು, ದಾರಿಯಲ್ಲಿ ಹತ್ತು ನಿಮಿಷ ಮಾತ್ರ ಗಾಡಿಯಿಂದ ಇಳಿದು, ರಾತ್ರಿ ಬಂದು ಎಲಿನರ್ ಎದುರು ನಿಲ್ಲುತ್ತಾನೆ. ಎಲ್ಲ ಹೇಳುತ್ತಾನೆ. ಮೊದಲು ಸುಮ್ನೆ ಹೊತ್ತು ಕಳೆಯಲು ಬಂದೆ, ಆಮೇಲೆ ನಿಜವಾಗಿ ಪ್ರೀತಿಸಿದೆ, ಸಾಲ ಇತ್ತು, ತಾನು ಮದುವೆಯಾದ ಮಿಸ್ ಗ್ರೇ ಹತ್ತಿರ 50,000 ಪೌಂಡ್ ಇತ್ತು. ಮೇರಿಯಾನ್‌ಗೆ ಬಂದ ಆ ಕ್ರೂರ ಪತ್ರವನ್ನು ಮಿಸ್ ಗ್ರೇ ಹೇಳಿ ಬರೆಸಿದ್ದು. ಆದರೆ ತಾನು ಕೆಡಿಸಿ ಬಿಟ್ಟುಹೋದ ಎಲೈಜಾ ಅನ್ನುವ ಹುಡುಗಿಯ ವಿಷಯ ಬಂದಾಗ ಅವನ ಪಶ್ಚಾತ್ತಾಪ ತೆಳುವಾಗುತ್ತದೆ. ತಪ್ಪು ಅವಳದ್ದೂ ಇದೆ ಅನ್ನುತ್ತಾನೆ. ಅಲ್ಲಿ ಅವನ ಬಣ್ಣ ಬಯಲು.

ಆಮೇಲೆ ಎಲಿನರ್‌ಗೆ ಏನಾಗುತ್ತದೆ ನೋಡಿ. ಅವನು ಹೋದ ಮೇಲೂ ಅವನ ಬಗ್ಗೆ ಮರುಕ ಹೋಗುವುದಿಲ್ಲ. ರೂಪ, ಮಾತು, ಆ ಪ್ರೀತಿ ಎಲ್ಲ ತನ್ನ ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತಿದೆ ಅಂತ ಅವಳಿಗೇ ತಿಳಿಯುತ್ತದೆ. ಆದರೂ ಮರುಕ ನಿಲ್ಲದು. ‘ಬುದ್ಧಿ’ ಕೂಡ ಒಂದು ರಾತ್ರಿ ಅಲುಗಾಡಿತು! 1995ರ ಆಂಗ್ ಲೀ ಸಿನಿಮಾದಲ್ಲಿ ಈ ದೃಶ್ಯವನ್ನೇ ಕೈಬಿಟ್ಟಿದ್ದಾರೆ. ಚಿತ್ರಕಥೆಗೆ ಎಮಾ ಥಾಂಪ್ಸನ್ ಅವರಿಗೆ ಆಸ್ಕರ್ ಬಂತು, ಬರಲಿ. ಆದರೆ ಈ ದೃಶ್ಯ ಹೋದರೆ ಅಕ್ಕ ಮತ್ತೆ ಗೈಡಿನ ಅಕ್ಕನೇ ಆಗುತ್ತಾಳೆ.

ಪಿಂಚಣಿದಾರ:

ವಿಲ್ಲೋಬಿ ಲೆಕ್ಕವನ್ನೂ ಮುಗಿಸಿಬಿಡುತ್ತೇನೆ. ಎಲೈಜಾ ವಿಷಯ ತಿಳಿದು ಅವನನ್ನು ಹೊರಹಾಕಿದ ಶ್ರೀಮಂತ ಸಂಬಂಧಿ ಮಿಸೆಸ್ ಸ್ಮಿತ್ ಕೊನೆಗೆ ಕ್ಷಮಿಸುತ್ತಾಳೆ. ಮೇರಿಯಾನ್ ಜೊತೆ ನೆಟ್ಟಗೆ ನಡೆದುಕೊಂಡಿದ್ದರೆ ಪ್ರೀತಿಯೂ ಸಿಗುತ್ತಿತ್ತು, ಹಣವೂ ಸಿಗುತ್ತಿತ್ತು ಅಂತ ಅವನಿಗೆ ಆಗ ಗೊತ್ತಾಗುತ್ತದೆ. 50,000ಕ್ಕೆ ಮಾರಿಕೊಂಡವನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಆದರೂ ಅವನು ಕೊರಗಿ ಸಾಯಲಿಲ್ಲ, ಕುದುರೆ, ನಾಯಿ ಅಂತ ಆರಾಮಾಗಿ ಇದ್ದ ಅನ್ನುತ್ತಾಳೆ ಲೇಖಕಿ.

ಚಾಕ್‌ಪೀಸ್:

ನಾನು ಪಾಠ ಮಾಡುವಾಗ ಒಂದು ಪ್ರಶ್ನೆ ಕೇಳುತ್ತಿದ್ದೆ: ಈ ಪುಸ್ತಕದಲ್ಲಿ ಮೊದಲ ಪ್ರೀತಿಯಲ್ಲೇ ನೆಲೆ ಕಂಡವರು ಎಷ್ಟು ಜನ?

ಮನುಷ್ಯ ಬದುಕಿನಲ್ಲಿ ಒಂದೇ ಸಲ ಪ್ರೀತಿಸಬಲ್ಲ ಅನ್ನುವುದು ಮೇರಿಯಾನ್ ಸಿದ್ಧಾಂತ. ಇದನ್ನು ಎಲಿನರ್ ಬ್ರಾಂಡನ್‌ಗೆ ಹೇಳುತ್ತಾ, ಎರಡು ಮದುವೆಯಾದ ಅಪ್ಪನ ಮಗಳಾಗಿ ಇವಳು ಅದನ್ನು ಹೇಗೆ ಹೇಳುತ್ತಾಳೋ ಅಂತ ನಗುತ್ತಾಳೆ. ಮೂವರು ಅಕ್ಕತಂಗಿಯರು ಹುಟ್ಟಿದ್ದೇ ಎರಡನೇ ಮದುವೆಯಿಂದ. ಇನ್ನು ಉಳಿದವರು: ಬ್ರಾಂಡನ್‌ಗೆ ಮೊದಲು ಎಲೈಜಾ ಇದ್ದಳು (ವಿಲ್ಲೋಬಿ ಕೆಡಿಸಿದ ಎಲೈಜಾಳ ತಾಯಿ), ಆಮೇಲೆ ಮೇರಿಯಾನ್. ಎಡ್ವರ್ಡ್‌ಗೆ ಮೊದಲು ಲೂಸಿ, ಆಮೇಲೆ ಎಲಿನರ್. ಮೇರಿಯಾನ್‌ಗೆ ಮೊದಲು ವಿಲ್ಲೋಬಿ. ಮೊದಲು ಪ್ರೀತಿಸಿದವನನ್ನೇ ಮದುವೆಯಾಗಿ ಸುಖವಾಗಿ ಇದ್ದವಳು ಎಲಿನರ್ ಒಬ್ಬಳೇ. ಒಂದೇ ಪ್ರೀತಿ ಅಂತ ಸಾರಿದವಳು ತಂಗಿ, ಬದುಕಿ ತೋರಿಸಿದವಳು ಅಕ್ಕ.

ಹೊಸ_ಓದುಗ:

ನಾನು ಈಗ ಅರ್ಧ ಓದಿದ್ದೇನೆ, ಎಲ್ಲ ಕಥೆ ಹೇಳಿಬಿಟ್ಟಿರಿ 😄 ಇರಲಿ. ಬ್ರಾಂಡನ್ ಭಾರತದಲ್ಲಿದ್ದನಂತಲ್ಲ? ನಮ್ಮ ಕಡೆ ಯುದ್ಧಕ್ಕೆ ಬಂದಿದ್ದನಾ?

ಚಾಕ್‌ಪೀಸ್:

ಈಸ್ಟ್ ಇಂಡೀಸ್‌ನಲ್ಲಿ (ಆಗ ಭಾರತ ಮತ್ತು ಅದರಾಚೆಯ ನಾಡುಗಳಿಗೆ ಹೇಳುತ್ತಿದ್ದ ಹೆಸರು) ರೆಜಿಮೆಂಟಿನ ಜೊತೆ ಇದ್ದ ಅಂತ ಮಾತ್ರ ಇದೆ. ಸುಮ್ನೆ ಶ್ರೀರಂಗಪಟ್ಟಣಕ್ಕೆ ಕರೆತರಬೇಡಿ. ಅಲ್ಲಿ ಸೆಕೆ ಜಾಸ್ತಿ, ಸೊಳ್ಳೆ ಕಾಟ ಅಂತ ಹೇಳಿರುತ್ತಾನೆ ಅಷ್ಟೇ ಅಂತ ಮೇರಿಯಾನ್ ಗೇಲಿ ಮಾಡುತ್ತಾಳೆ. ವಿಲ್ಲೋಬಿ ಅದಕ್ಕೆ ನವಾಬರು, ಚಿನ್ನದ ಮೊಹರು, ಪಲ್ಲಕ್ಕಿ ಎಲ್ಲ ಸೇರಿಸಿ ಒಗ್ಗರಣೆ ಹಾಕುತ್ತಾನೆ. ಪ್ರೀತಿಸಿದ ಹುಡುಗಿಯನ್ನು ಅಪ್ಪನೇ ಬಲವಂತವಾಗಿ ಅಣ್ಣನಿಗೆ ಮದುವೆ ಮಾಡಿದ್ದಕ್ಕೆ ದೂರ ಹೋದವನು ಬ್ರಾಂಡನ್. ಅದು ಇವರಿಬ್ಬರಿಗೂ ಗೊತ್ತಿಲ್ಲ.

ನಿದ್ದೆಗೇಡಿ:

ಬ್ರಾಂಡನ್ ವಿಷಯಕ್ಕೆ ಬಂದಿರಲ್ಲ, ಈಗ ನನ್ನ ಸಿಟ್ಟು ಹೊರಗೆ ಹಾಕುತ್ತೇನೆ.

ಕಥೆಯ ಶುರುವಿನಲ್ಲಿ ಅವನಿಗೆ 35. ಮದುವೆಯಾದಾಗ ಅವಳಿಗೆ 19. ವಯಸ್ಸು ಬಿಡಿ, ಆ ಕಾಲ ಹಾಗಿತ್ತು. ಆದರೆ 31ನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ: ಮೇರಿಯಾನ್‌ಳನ್ನು ನೋಡಿದರೆ ಆ ಮೊದಲ ಎಲೈಜಾ ನೆನಪಾಗುತ್ತಾಳೆ, ರೂಪದಲ್ಲೂ ಸ್ವಭಾವದಲ್ಲೂ ಅಂತ. ಅಂದರೆ ಅವನು ಯಾರನ್ನು ಪ್ರೀತಿಸುತ್ತಿದ್ದಾನೆ? ಸತ್ತವಳನ್ನೋ, ಇವಳನ್ನೋ?

ಕೊನೆಯ ಅಧ್ಯಾಯ ಇನ್ನೂ ಕೆಟ್ಟದು. ಬ್ರಾಂಡನ್ ಕಷ್ಟಪಟ್ಟಿದ್ದಾನೆ, ನಾವೆಲ್ಲ ಅವನ ಋಣದಲ್ಲಿದ್ದೇವೆ, ಹಾಗಾಗಿ ಎಲ್ಲರ ಒಪ್ಪಿಗೆಯಿಂದ ಮೇರಿಯಾನ್ ಅವನಿಗೆ ಬಹುಮಾನವಾಗಬೇಕಿತ್ತು ಅಂತ ಬರೆದಿದೆ. ಬಹುಮಾನ! ಅಮ್ಮ, ಅಕ್ಕ, ಭಾವ ಎಲ್ಲರೂ ಸೇರಿ ಹೂಡಿದ ಕೂಟದ ಎದುರು ಅವಳು ಏನು ಮಾಡಿಯಾಳು ಅಂತಲೂ ಕೇಳುತ್ತದೆ. ಮದುವೆಯಾಗುವಾಗ ಅವಳಲ್ಲಿ ಇದ್ದದ್ದು ಗೌರವ ಮತ್ತು ಸ್ನೇಹ ಮಾತ್ರ. ಆಮೇಲೆ ಕಾಲ ಕಳೆದ ಹಾಗೆ ವಿಲ್ಲೋಬಿಗೆ ಕೊಟ್ಟಷ್ಟೇ ಪೂರ್ತಿ ಹೃದಯ ಗಂಡನಿಗೂ ಕೊಟ್ಟಳು ಅಂತ ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ವಿಲ್ಲೋಬಿಗೆ ಅಷ್ಟೊಂದು ಅಧ್ಯಾಯ, ಗಂಡನ ಪ್ರೀತಿಗೆ ಒಂದು ವಾಕ್ಯ. ನಾನು ನಂಬುವುದಿಲ್ಲ.

ಪಿಂಚಣಿದಾರ:

ತಾಯೀ, ಸಿಟ್ಟು ಬೇಡ. ಬ್ರಾಂಡನ್ ಒಂದು ಸಲವೂ ಒತ್ತಾಯ ಮಾಡಿಲ್ಲ. ಅವಳು ಹಾಡುವಾಗ ಉಳಿದವರು ಹರಟುತ್ತಿದ್ದರೆ ಅವನೊಬ್ಬನೇ ಸುಮ್ಮನೆ ಕೂತು ಕೇಳುತ್ತಾನೆ. ಅವಳು ಸಾಯುವ ಹಾಗಿದ್ದಾಗ ಕವಿತೆ ಹೇಳುತ್ತಾ ಕೂರಲಿಲ್ಲ, ರಾತ್ರೋರಾತ್ರಿ ಅಮ್ಮನನ್ನು ಕರೆತರಲು ಹೊರಟ. ಪ್ರೀತಿ ಅಂದರೆ ಇದೂ ಅಲ್ವಾ?

ನಿದ್ದೆಗೇಡಿ:

ಅದು ಅವನ ಪ್ರೀತಿ ಸರ್. ನಾನು ಕೇಳುತ್ತಿರುವುದು ಅವಳದ್ದು.

ಶಾಲ್ಮಲೆ:

ಇಲ್ಲಿ ನಾನು ನಿದ್ದೆಗೇಡಿ ಪಕ್ಷ, ಆದರೆ ಕಾರಣ ಬೇರೆ. ‘ಬಹುಮಾನ’, ‘ಕೂಟ’ ಅನ್ನುವ ಮಾತುಗಳನ್ನು ಆಸ್ಟಿನ್ ತಿಳಿಯದೆ ಹಾಕಿಲ್ಲ. ಅದೇ ಕೊನೆಯಲ್ಲಿ ಬ್ರಾಂಡನ್‌ನ ಫ್ಲಾನೆಲ್ ಒಳಅಂಗಿಯನ್ನೂ ಎಳೆದು ತರುತ್ತಾಳೆ. ಫ್ಲಾನೆಲ್ ಹಾಕುವವನಿಗೆ ಪ್ರೀತಿಯ ವಯಸ್ಸು ಮುಗಿದಿದೆ ಅಂತ 17ರ ಹುಡುಗಿ ನಕ್ಕಿದ್ದಳಲ್ಲ, ಅದೇ ಅಂಗಿ. 27 ದಾಟಿದ ಹೆಣ್ಣಿಗೆ ಪ್ರೀತಿ ಹುಟ್ಟದು, ಯಾರಿಗಾದರೂ ದಾದಿಯಾಗಿ ಮದುವೆಯಾಗಬಹುದು ಅಂತಲೂ ಅಂದಿದ್ದಳು. ಲೇಖಕಿ ಇಲ್ಲಿ ಚುಚ್ಚುತ್ತಿದ್ದಾಳೆ. ಆದರೆ ಯಾರನ್ನು? ಮೇರಿಯಾನ್‌ಳನ್ನಾ, ಅವಳಿಗೆ ಮದುವೆ ಮಾಡಿಸಿದವರನ್ನಾ, ಸುಖಾಂತ ಬೇಕು ಅಂತ ಕಾದು ಕೂತ ನಮ್ಮನ್ನಾ? ನನಗೆ ಮೂರನೆಯದು ಅನ್ನಿಸುತ್ತದೆ.

ಮಳೆಗಾಲ:

ಹಾಗಾದರೆ ಎಡ್ವರ್ಡ್ ಮದುವೆ ಪ್ರಸ್ತಾಪ ತೋರಿಸದೆ ಊಟಕ್ಕೆ ಕೂರಿಸಿದ್ದೂ ನಮಗೆ ಚುಚ್ಚಲಿಕ್ಕೇನಾ? ಹಾಗಿದ್ದರೆ ನನ್ನ ತಕರಾರು ಅರ್ಧ ವಾಪಸ್. ಎಡ್ವರ್ಡ್ ಸಪ್ಪೆ ಅನ್ನುವ ಅರ್ಧ ಹಾಗೇ ಇರಲಿ.

ಲೈಬ್ರರಿ_ಕಾರ್ಡ್:

ಒಂದು ವಿಷಯ ಯಾರೂ ಎತ್ತಲಿಲ್ಲ. 37ನೇ ಅಧ್ಯಾಯದಲ್ಲಿ ನಾಲ್ಕು ತಿಂಗಳ ಗುಟ್ಟು ಹೊರಬಿದ್ದಾಗ ಮೇರಿಯಾನ್ ಬೆಚ್ಚಿಬೀಳುತ್ತಾಳೆ. ಆದರೂ ಅವನನ್ನು ಪ್ರೀತಿಸುತ್ತಿದ್ದೆಯಾ ಅಂತ ಕೇಳುತ್ತಾಳೆ. ಹೌದು, ಆದರೆ ನಾನು ಪ್ರೀತಿಸುವುದು ಅವನೊಬ್ಬನನ್ನೇ ಅಲ್ಲ ಅನ್ನುತ್ತಾಳೆ ಎಲಿನರ್. ಅಮ್ಮ, ತಂಗಿಯರು ನೊಂದುಕೊಳ್ಳಬಾರದು ಅಂತ ಸುಮ್ಮನಿದ್ದೆ ಅನ್ನುವುದು ಅವಳ ಕಾರಣ. ಪುಸ್ತಕದ ಕೊನೆಯ ಪ್ಯಾರಾ ಕೂಡ ಗಂಡಂದಿರ ಬಗ್ಗೆ ಇಲ್ಲ. ಅಕ್ಕತಂಗಿ ಕಣ್ಣಳತೆಯ ದೂರದಲ್ಲಿ ಬದುಕಿದರು, ಜಗಳ ಆಡಲಿಲ್ಲ ಅಂತ ಮುಗಿಯುತ್ತದೆ. ನನ್ನ ಮಟ್ಟಿಗೆ ಇಲ್ಲಿಯ ದೊಡ್ಡ ಪ್ರೇಮಕಥೆ ಇವರಿಬ್ಬರದ್ದೇ.

ನಿದ್ದೆಗೇಡಿ:

ಆ ಪ್ಯಾರಾ ಪೂರ್ತಿ ಓದಿ ಮೇಡಂ. ಇಷ್ಟು ಹತ್ತಿರ ಇದ್ದೂ ತಾವೂ ಜಗಳ ಆಡಲಿಲ್ಲ, ಗಂಡಂದಿರ ನಡುವೆಯೂ ಮುನಿಸು ತರಲಿಲ್ಲ, ಇದೂ ಸಣ್ಣ ಸಾಧನೆಯೇನಲ್ಲ ಅಂತ ಇದೆ. ಅಲ್ಲೂ ಆಯಮ್ಮ ನಗುತ್ತಿದ್ದಾಳೆ!